ಗೌರಿಯ ಕೆಲಸಕ್ಕೆ ಒಂದು ಆ್ಯಪ್

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಚಟ ನನಗಿದೆ, ನಿಜ. ಆದರೆ ಅದರಲ್ಲಿ ಎಲ್ಲವೂ ನನಗೆ ಸಿಟ್ಟು ಬಂದ ಕ್ರಮದಲ್ಲೇ ನಡೆದಿರುತ್ತದೆ. ನಮ್ಮವರೂ ನಾನೂ ಮಾತು ಬಿಟ್ಟಾಗ ಮೊದಲು ಬಾಯಿ ಮುಚ್ಚಿದವರು ಅವರೇ ಎಂದು ನನ್ನ ನೆನಪು. ಅವರ ನೆನಪು ಬೇರೆ ಇರಬಹುದು, ಕೇಳೋಣವೆಂದರೆ ಮಾತಿಲ್ಲ. ಕಾರಣದ ಬಗ್ಗೆ ಮಾತ್ರ ಅನುಮಾನವಿಲ್ಲ. ನಮ್ಮವರಿಗೆ ಗೊರೂರಿನಲ್ಲಿ ನೀರಾವರಿ ಇಲಾಖೆಯ ಕೆಲಸ. ಹಾಸನದ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. "ನಿಮ್ಮೆಜಮಾನ್ರು ಕ್ವಾರ್ಟರ್ಸ್ ಕೇಳಿದ್ರಂತೆ, ಸಿಕ್ತಂತೆ. ಯಾವಾಗ ಹೋಗ್ತಾರೆ?" ಎಂದು ಅವರ ಸಹೋದ್ಯೋಗಿಯ ಹೆಂಡತಿ ತರಕಾರಿ ಅಂಗಡಿಯಲ್ಲಿ ಕೇಳಿದಾಗಲೇ ನನಗೆ ವಿಷಯ ಗೊತ್ತಾದದ್ದು. ನನ್ನ ಕೆಲಸ ಇರುವುದು ಹಾಸನದಲ್ಲಿ. ಅಂದರೆ ಅವರು ಒಬ್ಬರೇ ಹೋಗಿ ಇರುವ ಏರ್ಪಾಡು! ಎಳೆಯದೋ ಬಲಿತದ್ದೋ ನೋಡಲು ಹಿಡಿದಿದ್ದ ಸೋರೆಕಾಯಿಗೆ ಉಗುರು ಬುಡದವರೆಗೂ ಇಳಿದದ್ದು ನೆನಪಿದೆ. ಅದು ಹೀರೇಕಾಯಿಯೂ ಆಗಿದ್ದಿರಬಹುದು.

ನಮ್ಮ ಕಡೆ ಗಂಡ ಹೆಂಡಿರು ಮಾತು ಬಿಟ್ಟರೆ ಸಂಸಾರವೇನೂ ನಿಲ್ಲುವುದಿಲ್ಲ. ನಡುವೆ ಒಂದು ಜೀವ ಇದ್ದರಾಯಿತು. ಅರಕಲಗೂಡಿನ ಪಕ್ಕದ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಜಯತ್ತೆ ಮತ್ತು ಮಾವ ಬಹುಕಾಲ ತಮ್ಮ ಎಮ್ಮೆ ಗೌರಿಯ ಮೂಲಕವೇ ಸಂಸಾರ ಮಾಡಿದವರು. "ಗೌರೀ, ನಿಮ್ಮಪ್ಪಂಗೆ ಏಳು, ಮುದ್ದೆ ಆರೋಯ್ತಾ ಅದೆ" ಎಂದು ಅತ್ತೆ ಒಳಗಿನಿಂದ ಕೂಗಿದರೆ, "ಗೌರೀ, ಮುದ್ದೆ ಎಲ್ಲೂ ಓಡೋಗಕಿಲ್ಲ, ಶುಂಠಿಗೆ ನೀರು ಬಿಟ್ಬುಟ್ಟು ಬತ್ತೀನಿ ಅನ್ನು ನಿಮ್ಮವ್ವಂಗೆ" ಎಂದು ಮಾವ ಹೊರಗಿನಿಂದ. ಗೌರಿ ಯಾರ ಪಕ್ಷವನ್ನೂ ವಹಿಸದೆ ಮೆಲುಕು ಹಾಕುತ್ತಿದ್ದಳು. ಎಂ.ಎ. ಓದುತ್ತಿದ್ದ ನಾನು ರಜೆಗೆ ಹೋದಾಗ ಇದನ್ನು ನೋಡಿ, ಅಯ್ಯೋ ಪಾಪ, ಓದಿಲ್ಲದವರ ಬಾಳು ಎಂದು ಮರುಗಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಮಗಳಿದ್ದಳು. ಅವಳು ಚನ್ನರಾಯಪಟ್ಟಣದ ಹಾಸ್ಟೆಲಿಗೆ ಸೇರಿದ್ದೇ ಹುದ್ದೆ ಖಾಲಿಯಾಯಿತು. ಫೋನಿನಲ್ಲಿ ಪ್ರಯತ್ನಿಸಿದೆ. "ಅಮ್ಮಾ, ಅಪ್ಪ ನಿನ್ನ ಪಕ್ಕದಲ್ಲೇ ಕೂತಿದ್ದಾರೆ, ಕೆಮ್ಮಿದ್ದು ಕೇಳಿಸ್ತು. ನಂಗೆ ಟೆಸ್ಟ್ ಇದೆ. ನೀವಿಬ್ರೂ ಆನ್‌ಲೈನ್ ಕೌನ್ಸೆಲಿಂಗ್ ತಗೊಳ್ಳಿ" ಎಂದು ರೇಗಿದಳು. ಭಾನುವಾರ ಬಂದು, ನನ್ನ ಫೋನಿಗೊಂದು ಆ್ಯಪ್ ಹಾಕಿಕೊಟ್ಟು, ನಿಪ್ಪಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು.

ಈ ಆ್ಯಪ್ ಎಂಬ ಸಮಾಧಾನದ ಅಂಗಡಿ ಬೆಳಗಾಗೆದ್ದು ನನ್ನನ್ನು ಕೇಳುವ ಮೊದಲ ಪ್ರಶ್ನೆ: 'ಇಂದು ನಿಮ್ಮ ಮನಸ್ಸಿನ ಬಣ್ಣ ಯಾವುದು?' ಸಿಟ್ಟಲ್ಲವೇ ಎಂದು ಕೆಂಪು ಒತ್ತಿದೆ. ಕೆಂಪೆಂದರೆ ಉತ್ಸಾಹವಂತೆ, ಅಭಿನಂದನೆ ಬಂತು. ಆಮೇಲೆ ಒಂದು ಗುಂಡನೆಯ ಚಿತ್ರ ಪೂರಿಯಂತೆ ಉಬ್ಬಿ ಇಳಿಯುತ್ತದೆ, ಅದರ ಜೊತೆಗೆ ನಾವು ಉಸಿರಾಡಬೇಕು. ಹುಟ್ಟಿದಾಗಿನಿಂದ ಯಾರ ಕೈಲೂ ಹೇಳಿಸಿಕೊಳ್ಳದೆ ನಾನು ಮಾಡಿಕೊಂಡು ಬಂದಿರುವ ಕೆಲಸ ಅದೊಂದೇ. ದಿನದ ಒತ್ತಡ ಕಳೆಯಲು ಮೇಣದಬತ್ತಿ ಹಚ್ಚಿಟ್ಟು ಕೂರಬೇಕಂತೆ. ನಮ್ಮಲ್ಲಿ ಮೇಣದಬತ್ತಿ ಹಚ್ಚುವುದು ಕರೆಂಟು ಹೋದಾಗ. ಒತ್ತಡ ಶುರುವಾಗುವುದೇ ಆಗ. ಸಂಗಾತಿಗೆ ಅಚ್ಚರಿಯ ಉಡುಗೊರೆ ಕೊಡಿ ಎಂಬ ಸಲಹೆಯೂ ಇತ್ತು. ಅದನ್ನು ನಮ್ಮವರು ಆಗಲೇ ಕೊಟ್ಟಾಗಿತ್ತು, ಗೊರೂರಿನಲ್ಲಿ.

ಮಗಳು ಆ್ಯಪಿನಲ್ಲೇ ವಾರಕ್ಕೊಂದು ಸಲ ಗೊತ್ತುಮಾಡಿದ್ದ ಕೌನ್ಸೆಲರ್ ಮೇಡಂ ಪರದೆಯ ಮೇಲೆ ಬಂದರು; ಅವಳ ಮಾತಿಗೆ ಕಟ್ಟುಬಿದ್ದು ನಾವಿಬ್ಬರೂ ಈಚೆ ಕೂತೆವು. ಬೆನ್ನ ಹಿಂದೆ ಧೂಳಿಲ್ಲದ ಪುಸ್ತಕಗಳು, ನೀರೇ ಬೇಡದಂತೆ ಕಾಣುವ ಒಂದು ಗಿಡ. "ನಿಮ್ಮಿಬ್ಬರ ನೋವು ನನಗೆ ಕೇಳಿಸ್ತಾ ಇದೆ" ಎಂದರು. ನಾವಿನ್ನೂ ಬಾಯಿ ತೆರೆದಿರಲಿಲ್ಲ. ಎದುರುಬದುರು ಕೂತು ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿ ಎಂದರು. ನಮ್ಮವರು ನೇರವಾಗಿ ಫ್ಯಾನ್ ನೋಡಿದರು. "ಮೇಡಂ, ಫ್ಯಾನಿಗೆ ಧೂಳು ಹಿಡಿದಿದೆ ಅಂತ ಅವಳಿಗೆ ಹೇಳಿ."

"ಮೇಡಂ, ಸ್ಟೂಲ್ ಹತ್ತೋ ಕಾಲು ಅವರಿಗೂ ಇದೆ ಅಂತ ಹೇಳಿ" ಎಂದೆ.

"ಸರ್, ಮೇಡಂ ಅವರಿಗೆ ನಿಮ್ಮ ಸಾಮರ್ಥ್ಯದ ಬಗ್ಗೆ ನಂಬಿಕೆ ಇದೆ" ಎಂದು ಆಕೆ ಸಕ್ಕರೆ ಬೆರೆಸಿ ದಾಟಿಸಿದರು. ಅಷ್ಟು ಸಾಕಾಯಿತು. ಗ್ಯಾಸ್ ಸಿಲಿಂಡರ್, ಹಾಲಿನವನು, ಹೊಳೆನರಸೀಪುರದ ನಾದಿನಿಯ ಗೃಹಪ್ರವೇಶಕ್ಕೆ ಸೀರೆಯೋ ಪಾತ್ರೆಯೋ ಎಂಬುದು, ಎಲ್ಲವೂ ಆ ಮಹಾತಾಯಿಯ ಮೂಲಕ ಇತ್ಯರ್ಥವಾಯಿತು. ಗೊರೂರಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. "ಅದ್ಭುತ ಸಂವಹನ!" ಎಂದು ಆಕೆ ಹಿಗ್ಗಿದರು. ಮುಂದಿನ ವಾರದವರೆಗೆ ಮನೆ ಮತ್ತೆ ಮೌನ.

ಮುಂದಿನ ಸಲ ಮೇಡಂ ಬರುವ ಹೊತ್ತಿಗೆ ಸರಿಯಾಗಿ ಜಯತ್ತೆ ಹಸಿ ಶುಂಠಿಯ ಚೀಲ ಹೊತ್ತು ಬಂದಿದ್ದಳು. ಗೊರೂರಿನ ವಿಷಯ ಅವಳಿಗೆ ಫೋನಿನಲ್ಲಿ ಆಗಲೇ ಹೇಳಿದ್ದೆ. ಗೋಡೆಗೆ ಒರಗಿ ಕೂತು ಸ್ವಲ್ಪ ಹೊತ್ತು ನೋಡಿದಳು. "ಲೇ ಮಗ, ಇದು ನಮ್ ಗೌರಿ ಕೆಲ್ಸ ಅಲ್ವೇನೇ? ಗೌರಿ ಆದ್ರೆ ಮಧ್ಯಕ್ಕೆ ಬಾಯಾಕ್ತಿರ್ಲಿಲ್ಲ ಕಣ."

"ಅಲ್ಲಿ ಬೇರೆ ಯಾರೋ ಇದ್ದಾರಾ? ಇದು ಗೌಪ್ಯವಾಗಿರಬೇಕು" ಎಂದರು ಮೇಡಂ.

"ಬ್ಯಾರೆ ಯಾರಿಲ್ಲ ಕಣವ್ವ, ನಾನು ಸ್ವಾದರತ್ತೆ. ನೀನು ಸಿಲಿಂಡ್ರು ಗಿಲಿಂಡ್ರು ಬುಟ್ಟಾಕು. ಅಳಿಯಂದ್ರನ್ನ ಕೇಳು, ಗೊರೂರ್ಗೆ ಓಯ್ತಾರೋ ಇಲ್ವೋ?"

ಪರದೆಯ ಆಚೆ ಈಚೆ ಎಲ್ಲರೂ ಉಸಿರು ಹಿಡಿದೆವು. ಈಗ ಆ ಉಬ್ಬುವ ಚಿತ್ರ ಬೇಕಾಗಿತ್ತು. ನಮ್ಮವರು ಗಂಟಲು ಸರಿಮಾಡಿಕೊಂಡರು. "ಮೇಡಂ, ಅತ್ತೆಗೆ ಹೇಳಿ..." ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. 'ನಿಮ್ಮ ಅವಧಿ ಮುಗಿದಿದೆ. ಇಂದಿನ ಸಂವಾದಕ್ಕೆ ಎಷ್ಟು ನಕ್ಷತ್ರ ಕೊಡುವಿರಿ?'

ಉಳಿದವರು ನಾವು ಮೂವರೇ. ನಮ್ಮವರು ಜಯತ್ತೆಯ ಕಡೆ ತಿರುಗಿದರು. "ಅತ್ತೆ, ಸೋಮವಾರ ಕ್ವಾರ್ಟರ್ಸ್ ಕೀ ಇಸ್ಕೋಬೇಕು. ಹೋಗಬೇಡ ಅಂತ ಯಾರೂ ಹೇಳಲಿಲ್ಲವಲ್ಲ, ಕೇಳಿ ಅವಳನ್ನ."

"ಅತ್ತೆ, ಹೋಗ್ತೀನಿ ಅಂತ ಯಾರೂ ನನಗೆ ಹೇಳಿರಲಿಲ್ಲ, ಅದನ್ನೂ ಕೇಳು" ಎಂದೆ.

ಜಯತ್ತೆ ಸೆರಗು ಕೊಡವಿ ಎದ್ದಳು. "ನಾನು ಬೆಳಿಗ್ಗೆ ಒಂಟೋಯ್ತೀನಿ ಕಣ್ರಪ್ಪ. ಆಮೇಕೆ ಯಾರ್ಗೇಳೀರಿ? ಫ್ಯಾನ್ಗೇಳಿ."

ಅವಳು ಹೋದಳು. ಸೋಮವಾರ ನಮ್ಮವರು ಎಂದಿನಂತೆ ಬಸ್ಸಿಗೆ ಹೋಗಿ, ಎಂದಿನಂತೆ ಬಂದರು. ಕೈಯಲ್ಲಿ ಕೀ ಇರಲಿಲ್ಲ. ಬೇಡವೆಂದರೋ, ಮುಂದಕ್ಕೆ ಹಾಕಿದರೋ ಗೊತ್ತಿಲ್ಲ. ಫ್ಯಾನ್ ಮಾತ್ರ ಹೊಳೆಯುತ್ತಿದೆ, ನಾನಂತೂ ಒರೆಸಿಲ್ಲ. ಒರೆಸಿದ್ದರೂ ಒರೆಸಿರಬಹುದು, ನನ್ನ ನೆನಪನ್ನು ನಂಬಬೇಡಿ. ಅವರು ಊಟಕ್ಕೆ ಕೂತಾಗ ಏನೋ ಹೇಳಲು ಬಾಯಿ ತೆರೆಯುತ್ತಾರೆ, ನಾನೂ ತೆರೆಯುತ್ತೇನೆ, ಇಬ್ಬರೂ ಅನ್ನ ಹಾಕಿಕೊಂಡು ಮುಚ್ಚುತ್ತೇವೆ. ಇಷ್ಟು ಜರೆದ ಆ್ಯಪನ್ನು ತೆಗೆದುಹಾಕಿದೆಯಾ ಎಂದು ಕೇಳಬೇಡಿ. ಬೆಳಿಗ್ಗೆ ನನ್ನನ್ನು ನೇರವಾಗಿ ಮಾತಾಡಿಸುವುದು ಸದ್ಯಕ್ಕೆ ಅದೊಂದೇ.

ಎಮ್ಮೆಯನ್ನು ಮಾರಿ ಎಷ್ಟೋ ಕಾಲವಾಯಿತು, ಜಯತ್ತೆಯೂ ಮಾವನೂ ಈಗ ನೇರವಾಗಿಯೇ ಹರಟುತ್ತ ಕೂರುತ್ತಾರೆ. ಅದು ನೆನಪಾಗಿ ಮೊನ್ನೆ ಫೋನ್ ಮಾಡಿ ಕೇಳಿದೆ: "ಅತ್ತೆ, ಗೌರಿ ಹೋದ ದಿನ ನಿಮ್ಮಿಬ್ಬರಲ್ಲಿ ಮೊದಲು ಮಾತಾಡಿದ್ದು ಯಾರು? ಏನಂತ ಮಾತಾಡಿದ್ದು?"

"ಇರು ಮಗ, ಆಲು ಉಕ್ತಾ ಅದೆ" ಎಂದು ಹೋದವಳು ಮತ್ತೆ ಫೋನಿಗೆ ಬರಲಿಲ್ಲ. ಪ್ಯಾಕೆಟ್ ಹಾಲು. ಇನ್ನೂ ಉಕ್ಕುತ್ತಲೇ ಇದೆ.