ಕಪಾಟಿನ ಕೀಲಿಕೈ ಮತ್ತು ಬ್ಯಾಡಗಿಯ ಕಾದಂಬರಿ

ಒಳ್ಳೆಯ ಪುಸ್ತಕ ಆರಿಸಲು ಹೊರಟವರನ್ನು ದೇವರು ಹೆಚ್ಚು ಹೊತ್ತು ಗಂಭೀರವಾಗಿರಲು ಬಿಡುವುದಿಲ್ಲ. ನನ್ನನ್ನಂತೂ ಒಂದು ತಿಂಗಳೂ ಬಿಟ್ಟಿಲ್ಲ. ಹುಟ್ಟಿದ್ದು ಮಂಗಳೂರಿನ ಕಡೆ, ಮದುವೆಯಾಗಿ ರಾಣೆಬೆನ್ನೂರಿಗೆ ಬಂದು ಐವತ್ತು ವರ್ಷ. ಶಾಲೆಯ ನೌಕರಿ ಮುಗಿದ ಮೇಲೆ ಚರ್ಚಿನ ಪುಸ್ತಕದ ಕಪಾಟಿನ ಕೀಲಿಕೈ ನನ್ನ ಕೈಗೆ ಬಂತು. ನಾನು ಪೂರ್ತಿ ಓದದ ಪುಸ್ತಕ ಅದರೊಳಗೆ ಹೋಗುವುದಿಲ್ಲ. ಓದಿ ಮುಚ್ಚಿದ ಮೇಲೆ ಪಕ್ಕದ ಮನೆಯವರ ಮೇಲೆ ಪ್ರೀತಿ ಒಂದಿಷ್ಟಾದರೂ ಹೆಚ್ಚಬೇಕು. ಅದೇ ನನ್ನ ಅಳತೆ.

೧. ಕುರ್ಚಿ

ಹಾವೇರಿಯ ಅಂಗಡಿಯಲ್ಲಿ ನಿಂತೇ ಅರ್ಧ ಪುಸ್ತಕ ಓದಿದೆ. ಅಂಗಡಿಯವನು ಕೇಳಿದ, "ಅಕ್ಕಾರ, ಸೀರಿನೂ ಹಿಂಗ ಉಟ್ಟು ನೋಡೇ ತಗೋತೀರೇನ್ರಿ?"

"ಸೀರೆ ನಾನೊಬ್ಬಳು ಉಡುವುದು ಮಾರಾಯ. ಇದನ್ನು ಚರ್ಚಿನ ಇಡೀ ಸಭೆ ಓದುತ್ತದೆ."

ಅವನು ಕುರ್ಚಿ ತಂದಿಟ್ಟ. ಸಂಜೆ ಬಾಗಿಲು ಎಳೆಯುವಾಗ ಹೇಳಿದ, "ಉಳಿದದ್ದು ನಾಳೆ ಬಂದು ಓದ್ರಿ. ಪುಟದ ಮೂಲಿ ಮಡಚಿ ಇಟ್ಟೇನಿ."

೨. ಎಚ್ಚರದ ಚೀಟಿ

ಕೆಲವು ಪುಸ್ತಕಗಳ ಮೇಲೆ "ಯೋಚಿಸಿ ಓದಿರಿ" ಎಂದು ಚೀಟಿ ಅಂಟಿಸಿದೆ. ಮುಂದಿನ ಭಾನುವಾರ ಹಲಗೇರಿಯಿಂದ ಬರುವ ಹೆಣ್ಣುಮಗಳೊಬ್ಬಳು ಕಪಾಟಿನ ಮುಂದೆ ನಿಂತು ಅಂದಳು, "ಟೀಚರ್, ಚೀಟಿ ಇದ್ದದ್ದ ಕೊಡ್ರಿ. ಚೀಟಿ ಇಲ್ಲದ್ದು ಓದಿದ್ರ ಲಗೂ ನಿದ್ದಿ ಬರ್ತೈತಿ."

೩. ಪಾಪಿಗಳು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಒಂದು ಚೀಲ ಹಳೆಯ ಪುಸ್ತಕ ಕಳಿಸಿದ್ದರು. ಅದರಲ್ಲೊಂದು ಕಾದಂಬರಿ: ಕಳೆದುಹೋದ ಮಗಳನ್ನು ಹುಡುಕುವ ವಿಧವೆಯ ಕಥೆ. ನಾನು ಓದುತ್ತ ಎಷ್ಟು ಅತ್ತೆನೆಂದರೆ ಚೀಟಿಯಿಲ್ಲದೆಯೇ ಕಪಾಟಿಗೆ ಸೇರಿಸಿದೆ. ಸಭೆಯ ಹಿರಿಯರೊಬ್ಬರು ಅದನ್ನು ತಿರುವಿ ಸಿಟ್ಟಾದರು.

"ಇದರಾಗ ಕುಡುಕ ಅದಾನ, ಕಳ್ಳ ಅದಾನ! ಪಾಪಿಗಳು ಚರ್ಚಿನಾಗ ಯಾಕ್ರಿ?"

"ಪಾಪಿಗಳು ಬೇಡವೆಂದರೆ ಭಾನುವಾರ ನಾವು ಯಾರೂ ಬರುವ ಹಾಗಿಲ್ಲ."

ಸುತ್ತ ನಿಂತವರೆಲ್ಲ ನಕ್ಕರು, ಅವರೊಬ್ಬರನ್ನು ಬಿಟ್ಟು. "ಬರೋ ಭಾನುವಾರ ಎಲ್ಲಾರ ಮುಂದ ಓದಿ ತೋರಿಸ್ತೀನಿ. ಕೆಟ್ಟದ್ದು ಅಂತ ಆತಂದ್ರ ಕಥಿ ಪುಸ್ತಕ ಎಲ್ಲಾ ಹೊರಗ, ಕೀಲಿಕೈ ನನ್ನ ಕೈಯಾಗ."

ಆ ವಾರ ನನಗೆ ಊಟ ರುಚಿಸಲಿಲ್ಲ.

೪. ಕಣ್ಣೀರು

ಆರಾಧನೆ ಮುಗಿದ ಮೇಲೆ ಹಿರಿಯರು ಕನ್ನಡಕ ಏರಿಸಿ ಓದತೊಡಗಿದರು. ಎರಡನೆಯ ಪುಟಕ್ಕೆ ದನಿ ಗದ್ಗದವಾಯಿತು. ಐದನೆಯ ಪುಟಕ್ಕೆ ಕಣ್ಣೀರು ಧಾರೆಯಾಗಿ ಇಳಿಯಿತು. ಮುಂದಿನ ಸಾಲಿನ ಹೆಂಗಸರೂ ಸೆರಗು ಕಣ್ಣಿಗೊತ್ತಿದರು. "ಹಿರಿಯರ ಮನಸ್ಸು ಕರಗಿತು ನೋಡ್ರಿ" ಎಂದು ಯಾರೋ ಪಿಸುಗುಟ್ಟಿದರು.

ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಅವರು ಪುಟ ತಿರುವಿದರು. ನಡುವಿನಿಂದ ಕೆಂಪು ಪುಡಿ ಉದುರಿತು. ಪುಸ್ತಕ ಬಂದ ಚೀಲ ಯಾವುದರದೆಂದು ಆಗ ಹೊಳೆಯಿತು. ಹಾಗಾದರೆ ನಾನು ಅತ್ತದ್ದು ಕಥೆಗೋ, ಮೆಣಸಿನಕಾಯಿಗೋ? ಸುಮ್ಮನಿದ್ದರೆ ಕೀಲಿಕೈ ಉಳಿಯುತ್ತಿತ್ತು. ಆದರೆ ಪುಸ್ತಕ ಆರಿಸುವವಳು ಚರ್ಚಿನೊಳಗೇ ಮೋಸ ಮಾಡುವುದೇ?

ಎದ್ದು ನಿಂತು ಹೇಳಿದೆ, "ಹಿರಿಯರೇ, ಅದು ಕಥೆಯಲ್ಲ, ಬ್ಯಾಡಗಿ ಮೆಣಸಿನಕಾಯಿ ಪುಡಿ."

ಹಿರಿಯರು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಪುಸ್ತಕವನ್ನು ನನ್ನ ಕೈಗಿತ್ತರು.

"ಅದು ಮೊದಲನೇ ಪುಟದಾಗ ಗೊತ್ತಾತ್ರಿ ಟೀಚರ್. ಈಗ ನನಗ ಕಣ್ಣು ಕಾಣವಲ್ದು. ಆ ಮಗಳು ಸಿಕ್ಕಳೋ ಇಲ್ಲೋ, ಅಷ್ಟು ಓದಿ ಹೇಳಿಬಿಡ್ರಿ!"