ಅಣ್ಣ ಬಿಟ್ಟ ಬಿಳಿ ಜಾಗ

ನಮ್ಮ ಮನೆಯವರಿಗೆಲ್ಲ ನೀರು ಕುಡಿಯುವ ಮೊದಲು ಚೊಂಬಿನೊಳಗೆ ಇಣುಕಿ ನೋಡುವ ಅಭ್ಯಾಸವಿದೆ. ಬಂದ ನೆಂಟರು ಇದನ್ನು ಮಡಿ ಎಂದುಕೊಳ್ಳುತ್ತಾರೆ. ಮಡಿಯೂ ಅಲ್ಲ, ಮೈಲಿಗೆಯೂ ಅಲ್ಲ, ನಮ್ಮಣ್ಣ! ಅವನು ನೀರಿನಲ್ಲಿ ಬಣ್ಣ ಕಲಸಿ ಚಿತ್ರ ಬರೆಯುವವನು. ಕುಂಚ ಅದ್ದಲು ಅವನಿಗೆ ಕೈಗೆ ಸಿಕ್ಕಿದ ಪಾತ್ರೆ ಆಗುತ್ತಿತ್ತು. ಬರೆದು ಮುಗಿದ ಮೇಲೆ ಅದನ್ನು ಎಲ್ಲಿಂದ ತೆಗೆದುಕೊಂಡನೋ ಅಲ್ಲೇ, ಬಣ್ಣದ ನೀರಿನ ಸಮೇತ, ಅಚ್ಚುಕಟ್ಟಾಗಿ ಇಟ್ಟುಬಿಡುತ್ತಿದ್ದ.

ಅವನಿಗೆ ಹೆಣ್ಣು ಕೊಡುವ ಯೋಚನೆಯಿಂದ ಪೂರಿಗಾಲಿ ಕಡೆಯ ಗೌಡರೊಬ್ಬರು ಬಂದ ದಿನ ಅವ್ವ ಗಡಿಬಿಡಿಯಲ್ಲಿ ಅಂಥದೇ ಒಂದು ಚೊಂಬನ್ನು ಅವರ ಮುಂದಿಟ್ಟಳು. ಬಿಸಿಲಲ್ಲಿ ನಡೆದು ಬಂದವರು ಎರಡು ಗುಟುಕು ಕುಡಿದೇಬಿಟ್ಟರು. ಅವರ ಮೀಸೆಯ ಮೇಲೆ ಎಳೆಹಸಿರು ಕಂಡಿತು.

"ಇದೇನವ್ವ ಇದು?" ಎಂದರು ಗೌಡರು.

"ಬೇರು ಹಾಕಿದ್ ನೀರು. ಬಿಸ್ಲಿಗೆ ತಂಪು" ಎಂದಳು ಅವ್ವ, ಬಾಗಿಲ ಮರೆಯಿಂದ.

ಅವರಿಗೆ ಏನಾದೀತೋ ಎಂದು ಮೂರು ದಿನ ನಮಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಸುದ್ದಿ ಬಂತು. ಹೆಣ್ಣು ಕೊಡುತ್ತಾರಂತೆ, ಆ ಬೇರು ಯಾವುದೆಂದು ತಿಳಿಸಬೇಕಂತೆ! ಅತ್ತಿಗೆಗೆ ಈ ಸಂಗತಿ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ. ಆಗಲಿ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇದಕ್ಕಿಂತ ದೊಡ್ಡದು.

ನಮ್ಮ ಹಳ್ಳಿ ಮದ್ದೂರಿಗೂ ಮಂಡ್ಯಕ್ಕೂ ನಡುವೆ. ಅಣ್ಣ ಮಳವಳ್ಳಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ರಜೆಗೆ ಊರಿಗೆ ಬಂದನೆಂದರೆ ನಮಗೆ ಸಂತೋಷ ಒಂದು ಪಾಲು, ದಿಗಿಲು ಮೂರು ಪಾಲು. ಮಳೆಗಾಲದಲ್ಲಿ ಅವನ ಕಾಗದ ಒಣಗುತ್ತಿರಲಿಲ್ಲ. ಆಗ ಅವನು ಮಣೆ ಹಾಕಿಕೊಂಡು ಒಲೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದ. ಒಮ್ಮೆ ಒಗ್ಗರಣೆಯಿಂದ ಒಂದೇ ಒಂದು ಸಾಸಿವೆ ಕಾಳು ಸಿಡಿದು, ಅವನು ಬರೆದ ಆಕಾಶದ ನಟ್ಟನಡುವೆ ಬಿತ್ತು. ಅಣ್ಣ ಬೈಯಲಿಲ್ಲ. ಎರಡು ದಿನ ಊಟ ಬಿಟ್ಟ. ಅಷ್ಟೇ ಅಲ್ಲ, ಆ ಎಣ್ಣೆಯ ಚುಕ್ಕೆಯನ್ನು ಊರವರಿಗೆಲ್ಲ ತೋರಿಸಿಕೊಂಡು ಬಂದ, ಮನೆಯಲ್ಲಿ ಸಾವಾದವನ ಹಾಗೆ. ಆಮೇಲೆ ಅವನಿರುವಷ್ಟು ದಿನ ನಮ್ಮ ಸಾರಿಗೆ ಒಗ್ಗರಣೆಯೇ ಇಲ್ಲ. ಇಂಥವನ ಚಿತ್ರವನ್ನು ಮುಟ್ಟುವ ಧೈರ್ಯ ಯಾರಿಗಿರುತ್ತದೆ ಹೇಳಿ?

ಅವನಿಗೆ ಇದ್ದ ಗೆಳೆಯ ಒಬ್ಬನೇ. ಮಳವಳ್ಳಿಯಲ್ಲಿ ತಗಡಿನ ಟ್ರಂಕುಗಳ ಮೇಲೆ ಎಣ್ಣೆ ಬಣ್ಣದಲ್ಲಿ ಗಿಣಿ, ಗುಲಾಬಿ ಬರೆಯುವವನು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಒಬ್ಬರ ಚಿತ್ರವನ್ನು ಒಬ್ಬರು ಮೆಚ್ಚಲಾರರು.

"ನಿನ್ ಚಿತ್ರುದ್ ಮುಂದೆ ಸೀನಂಗಿಲ್ಲ ಕಣ್ಲಾ" ಎನ್ನುತ್ತಿದ್ದ ಟ್ರಂಕಿನವನು. "ನನ್ ಗಿಣಿ ಮ್ಯಾಲೆ ಕುಂತ್ಕೊಂಡು ಬೆಂಗ್ಳೂರ್ಗೇ ಓಗ್ಬೌದು."

"ಅದುಕ್ಕೇ ಅದು ಗಿಣಿ ತರ ಕಾಣಾಕಿಲ್ಲ, ಮಣೆ ತರ ಕಾಣ್ತದೆ."

ಇಷ್ಟಾದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಕಡಲೆಪುರಿ ತಿನ್ನುತ್ತಿದ್ದರು. ಚಿತ್ರಕಾರರ ಸ್ನೇಹ ಹೀಗೆಯೇ ಇರಬೇಕೆಂದು ನಾನು ತಿಳಿದುಕೊಂಡೆ. ಬೇರೆ ಚಿತ್ರಕಾರರನ್ನು ನಾನು ನೋಡಿರಲಿಲ್ಲವಲ್ಲ!

ಹೊಸ ನಾಲೆಯ ನೀರು ನಮ್ಮ ಹೊಲಗಳಿಗೆ ಮೊದಲ ಸಲ ಹರಿದ ವರ್ಷ ಅಣ್ಣ ಅದರ ಚಿತ್ರ ಬರೆದ. ಹದಿನೆಂಟು ದಿನ ಬದುವಿನ ಮೇಲೆ ಕೂತಿದ್ದ. ಕಾಲುವೆಯಿಂದಲೇ ಚೊಂಬಿನಲ್ಲಿ ನೀರು ತುಂಬಿಕೊಂಡು ಅದರಲ್ಲೇ ಬಣ್ಣ ಕಲಸಿದ. ಬಾವಿ ನೀರು ಆಗದಂತೆ, ಬಾವಿಗೆ ಈ ಹೊಲದ ಪರಿಚಯವಿಲ್ಲವಂತೆ! ಆಗಲೇ ಮಂಡ್ಯದ ಒಂದು ಶಾಲೆಯ ಹಜಾರದಲ್ಲಿ ಚಿತ್ರಪ್ರದರ್ಶನ ಏರ್ಪಾಡಾಯಿತು. ಮೈಸೂರಿನಿಂದ ಒಬ್ಬ ಹಿರಿಯ ಚಿತ್ರಕಾರರು ಬಂದು, ಒಂದೇ ಒಂದು ಚಿತ್ರವನ್ನು ಆರಿಸಿ, ಅಲ್ಲಿಯ ದೊಡ್ಡ ಪ್ರದರ್ಶನಕ್ಕೆ ಒಯ್ಯುವವರಿದ್ದರು. ಅಣ್ಣ ಹತ್ತು ವರ್ಷದಿಂದ ಕಾಯುತ್ತಿದ್ದದ್ದು ಇದಕ್ಕೇ. ಗೆಳೆಯನನ್ನು ಕರೆತರಲು ಮಳವಳ್ಳಿಗೆ ಹೊರಟವನು ಚಿತ್ರವನ್ನು ನನ್ನ ಕೈಗೆ ಕೊಟ್ಟು, "ವಗ್ದಿರೋ ಪಂಚೇಲಿ ಸುತ್ತಿಡವ್ವ. ನಿನ್ ಕೈ ನಡುಗಾಕಿಲ್ಲ" ಎಂದ.

ಸುತ್ತುವ ಮೊದಲು ಪಕ್ಕದ ಮನೆಯ ಅತ್ತೆ ನೋಡಲು ಬಂದಳು. ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

"ಎಲ್ಲಾ ಬರ್ದವ್ನೆ, ನೀರ್ನೇ ಬರ್ದಿಲ್ವಲ್ಲೇ."

ನೋಡಿದರೆ ನಿಜ. ಬದುವಿತ್ತು, ಎತ್ತಿತ್ತು, ಸಸಿಯಿತ್ತು. ಕಾಲುವೆ ಹರಿಯಬೇಕಾದ ಕಡೆ ಬರೀ ಬಿಳಿ ಕಾಗದ! ಅತ್ತೆ ಹೋದ ಮೇಲೆ ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಮರೆತನೇ? ಬಣ್ಣ ಮುಗಿಯಿತೇ? ಮಂಡ್ಯದಲ್ಲಿ ಅಷ್ಟು ಜನರ ಮುಂದೆ ಅವನು ನಗೆಪಾಟಲಾದರೆ? ನಾನು ಓದಿದ್ದು ಮೂರನೇ ಕ್ಲಾಸು. ಕೇಳಲು ಮನೆಯಲ್ಲಿ ತಿಳಿದವರಿರಲಿಲ್ಲ, ಬಣ್ಣದ ಪೆಟ್ಟಿಗೆ ಅವನ ಚೀಲದಲ್ಲಿತ್ತು. ಬಾಗಿಲು ಹಾಕಿಕೊಂಡು, ಪಂಚೆಗೆ ಹಾಕುವ ನೀಲಿಯನ್ನು ಬಟ್ಟಲಲ್ಲಿ ಕದಡಿ, ದೀಪದ ಬತ್ತಿಯನ್ನು ಅದ್ದಿ, ಉಸಿರು ಬಿಗಿಹಿಡಿದು ಕಾಲುವೆ ತುಂಬಿಸಿದೆ. ಎರಡು ಕಡೆ ಬದುವಿನ ಮೇಲೂ ಹರಿಯಿತು. ಮೊದಲ ನೀರಲ್ಲವೇ, ಹರಿಯಲಿ ಎಂದುಕೊಂಡೆ.

ಮಾರನೆಯ ದಿನ ಅಣ್ಣ, ಅವನ ಗೆಳೆಯ, ನಾನು ಮದ್ದೂರಿನಲ್ಲಿ ರೈಲು ಹತ್ತಿದೆವು. ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದು ನಾನೇ. ಮೋಡ ಕವಿದಿತ್ತು. ಒಂದು ಹನಿ ಬಿದ್ದರೂ ಹಾಳು ಎಂದು ಅಣ್ಣ ದಾರಿಯುದ್ದಕ್ಕೂ ಕಿಟಕಿಯ ಕಡೆ ಬೆನ್ನು ಕೊಟ್ಟು ಗಂಟಿಗೆ ಮರೆಯಾಗಿ ನಿಂತಿದ್ದ. ಹಜಾರದಲ್ಲಿ ಅವನು ಚಿತ್ರಕ್ಕೆ ಸುತ್ತಿದ್ದ ಪಂಚೆ ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ. ಗೋಡೆಗೆ ತಗುಲಿಸಿದ ಅಷ್ಟೂ ಚಿತ್ರಗಳಲ್ಲಿ ನನ್ನ ನೀಲಿಯೇ ಎದ್ದು ಕಾಣುತ್ತಿತ್ತು. ನಾನು ಅದರ ಎದುರಿಗೇ ಹೋಗಿ ನಿಂತು ಕಣ್ತುಂಬ ನೋಡಿದೆ. ಅಷ್ಟರಲ್ಲಿ ಟ್ರಂಕಿನವನು ಕರವಸ್ತ್ರವನ್ನು ನೀರಿನಲ್ಲಿ ಅದ್ದಿಕೊಂಡು ಚಿತ್ರದ ಕಡೆ ನುಗ್ಗಿದ. ಅಣ್ಣ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅವನು ಕೊಸರಿದ, ಇವನು ಬಿಡಲಿಲ್ಲ. ಇಲ್ಲಿಗೂ ಬಂದು ಜಗಳವೇ ಎಂದು ನನಗೆ ನಾಚಿಕೆಯಾಯಿತು.

ಮೈಸೂರಿನವರು ಬಂದರು. ನಾಲೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಎತ್ತನ್ನು ಮೆಚ್ಚಿದರು, ಸಸಿಯನ್ನು ಮೆಚ್ಚಿದರು. ಆಮೇಲೆ ಸುತ್ತಲಿದ್ದವರಿಗೆ ತಿಳಿಸಿ ಹೇಳಿದರು: "ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ. ಬೆಳಕು ಬೀಳುವ ಕಡೆ ಕಾಗದವನ್ನೇ ಹಾಗೇ ಬಿಡುತ್ತಾರೆ. ಈ ನೀರನ್ನು ಬಿಟ್ಟಿದ್ದರೆ ಹೊಳೆಯುತ್ತಿತ್ತು. ಕೊನೆಗೆ ಬಂದು ಕೈ ಸೋತಿದೆ."

"ಹೌದು ಸ್ವಾಮಿ, ನನ್ನ ಕೈ ಸೋತಿತು" ಎಂದ ಅಣ್ಣ.

ಹಚ್ಚಿದವಳು ನಾನೆಂದು ಹೇಳದೆ ಅಣ್ಣನ ಹಿಂದೆ ಸರಿದು ನಿಂತೆ. ಅವರು ಬೇರೆಯವರ ಹೂಕುಂಡದ ಚಿತ್ರವನ್ನು ಆರಿಸಿಕೊಂಡು ಹೋದರು. ಬರುವಾಗ ಅಣ್ಣ ಸ್ಟೇಷನ್ನಿನಲ್ಲಿ ವಡೆ ಕೊಡಿಸಿದ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಮೈಸೂರಿನ ಕರೆ ಅಣ್ಣನಿಗೆ ಮತ್ತೆ ಬರಲೇ ಇಲ್ಲ. ಸಾಸಿವೆ ಕಾಳಿಗೆ ಎರಡು ದಿನ ಉಪವಾಸ ಮಾಡಿದವನು ಆ ನೀಲಿಯನ್ನು ಹಾಕಿದವರು ಯಾರೆಂದು ಒಂದು ಸಲವೂ ಕೇಳಲಿಲ್ಲ. ಅವನಿಗೆ ತಿಳಿಯಲಿಲ್ಲವೆಂದೇ ನಾನು ಇಪ್ಪತ್ತು ವರ್ಷ ಸುಮ್ಮನಿದ್ದೆ. ಬಾಯಿ ಸುಮ್ಮನಿತ್ತು ಅಷ್ಟೆ. ಪಂಚೆಗೆ ನೀಲಿ ಹಾಕುವಾಗೆಲ್ಲ ಕೈ ನಡುಗುತ್ತಿತ್ತು.

ಹೋದ ತಿಂಗಳು ತಡೆಯಲಾಗದೆ ಅವನ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಬರೆಯುತ್ತಿದ್ದ. ಪಕ್ಕದಲ್ಲಿ ಎರಡು ಚೊಂಬು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ.

ಅವನು ತಲೆ ಎತ್ತಲಿಲ್ಲ. "ರಜೆಗ್ ಬಂದಾಗೆಲ್ಲ ನನ್ ಪಂಚೆಗೆ ಆಕ್ತಿದ್ದ ನೀಲಿ, ನಂಗೆ ಗುರ್ತು ಸಿಕ್ಕಾಕಿಲ್ವಾ?"

"ಗೊತ್ತಿತ್ತಾ?"

"ಅದ್ರಲ್ಲಿ ಅಂಟಿರ್ನಿಲ್ಲ ಕಣವ್ವ. ವದ್ದೆ ಬಟ್ಟೆ ಒತ್ತಿದ್ರೆ ಬಂದ್ಬುಡ್ತಿತ್ತು. ಅವ್ನು ಅದುಕ್ಕೇ ಕರವಸ್ತ್ರ ತಂದಿದ್ದ."

"ಮತ್ತೆ ಯಾಕಣ್ಣ ಅಳಿಸ್ನಿಲ್ಲ?"

"ಎಂಗ್ ಅಳಿಸ್ಲಿ? ನೀನು ಎದ್ರೂಗೇ ನಿಂತ್ಕೊಂಡು ಅದ್ನೇ ನೋಡ್ತಿದ್ದೆ."

ಅಷ್ಟು ಹೇಳಿ ಮತ್ತೆ ಕುಂಚ ಅದ್ದಿದ. ನಾನು ಕೈಗೆ ಸಿಕ್ಕಿದ ಚೊಂಬು ಎತ್ತಿ, ಇಣುಕಿ ನೋಡದೆ ಕುಡಿದೆ.