ಮಾವನ ಕಂಪ್ಯೂಟರಿಗೆ ಹಸಿರು ಬಾವುಟ

ಈ ಭೂಮಿಯ ಮೇಲೆ ಕಂಪ್ಯೂಟರಿಗೆ ಹಸಿರು ಬಾವುಟ ತೋರಿಸಿ ಹೊರಡಿಸುವವರು ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ. ಹೀಗೆಂದರೆ ಗೆಳೆಯರು ನಗುತ್ತಾರೆ. ನಗಲಿ! ನನ್ನ ದಿನಚರಿಯಲ್ಲಿ ಲೆಕ್ಕವಿದೆ. ಪರೀಕ್ಷೆಗೆ ಓದಲೆಂದು ನಾನು ಅವರ ಮನೆಯಲ್ಲಿದ್ದ ಇಪ್ಪತ್ತಮೂರು ದಿನಗಳಲ್ಲಿ ಬಾವುಟ ಹಾರಿದ್ದು ಇಪ್ಪತ್ತೆರಡು ಸಲ.

ಮಾವ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಬಂದ ಗಾಡಿ ಚಿತ್ರದುರ್ಗದ ಕಡೆ ಹೋಗಬೇಕೋ ದಾವಣಗೆರೆಯ ಕಡೆ ಹೋಗಬೇಕೋ ನೋಡಿ ಹಳಿ ಕೂಡಿಸುವ ಕೆಲಸ. ನಿವೃತ್ತಿಯಾದ ಮೇಲೆ ಕೂಡಿಸಲು ಏನೂ ಇಲ್ಲದೆ ಕೈ ತುರಿಸಿತೋ ಏನೋ, ದುರ್ಗದಿಂದ ಒಂದು ಹಳೆಯ ಕಂಪ್ಯೂಟರ್ ತಂದರು. ಅದರೊಳಗೆ ಎರಡು ಹಾರ್ಡ್ ಡಿಸ್ಕ್. ಒಂದು ಹೊಸದು, ಎಲ್ಲವೂ ಇರುವುದು ಅದರಲ್ಲೇ. ಇನ್ನೊಂದು ಹಳೆಯದು, ಪೂರ್ತಿ ಖಾಲಿ. ಕರೆಂಟು ಹೋದರೂ ತಾರೀಖು ಯಾವುದು, ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬುದನ್ನು ನೆನಪಿಟ್ಟುಕೊಳ್ಳಲು ಒಳಗೊಂದು ಗುಂಡನೆಯ ಸಣ್ಣ ಸೆಲ್ ಇರುತ್ತದೆ. ಇವರ ಸೆಲ್ ಸತ್ತಿತ್ತು. ಸಾಲದ್ದಕ್ಕೆ ಮಾವ ದಿನಾ ಸಂಜೆ ಪ್ಲಗ್ಗನ್ನೇ ಕಿತ್ತಿಡುತ್ತಿದ್ದರು. ಹಾಗಾಗಿ ಆ ಯಂತ್ರ ಪ್ರತಿ ಬೆಳಗ್ಗೆ ಹಸುಗೂಸಿನಂತೆ ಏಳುತ್ತಿತ್ತು. ಕೇಳುವವರಿಲ್ಲದಿದ್ದರೆ ನೇರ ಖಾಲಿ ಡಿಸ್ಕಿಗೆ ನುಗ್ಗಿ ಕಪ್ಪು ಪರದೆ ತೋರಿಸಿ ನಿಂತುಬಿಡುತ್ತಿತ್ತು.

ಬೆಳಗ್ಗೆ ಎಂಟು ಗಂಟೆ. ಮಾವ ಸ್ನಾನ ಮಾಡಿ, ಹಳೆಯ ಖಾಕಿ ಅಂಗಿ ತೊಟ್ಟು ಕುರ್ಚಿಯಲ್ಲಿ. ಪಕ್ಕದ ಸ್ಟೂಲಿನ ಮೇಲೆ ಅತ್ತೆ. ಕೀಬೋರ್ಡಿನ ಎಫ್ ಎರಡು ಎಂಬ ಗುಂಡಿಯ ಮೇಲೆ ಅತ್ತೆಯ ಕೆಂಪು ಸ್ಟಿಕ್ಕರ್ ಬೊಟ್ಟು.

"ಒತ್ತೇ!"

ಅತ್ತೆ ಬೊಟ್ಟು ಒತ್ತುತ್ತಾರೆ. ಸೆಟ್ಟಿಂಗಿನ ನೀಲಿ ಪರದೆ ತೆರೆಯುತ್ತದೆ.

"ತಾರೀಖು?" ಮಾವ ಮುಂದಿನ ಸ್ಟೇಷನ್ನಿಗೆ ಕೇಳುವಂತೆ ಕೂಗುತ್ತಾರೆ. ಅತ್ತೆ ಇರುವುದು ಗೇಣು ದೂರದಲ್ಲಿ!

ಅತ್ತೆ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿ, "ಹದಿನೇಳು" ಎನ್ನುತ್ತಾರೆ.

"ಹದಿನೇಳು! ವಾರ?"

"ಬುಧವಾರ."

"ಬುಧವಾರ! ಬೆಳಿಗ್ಗೆ ಏನು ತಿಂದ್ವಿ?"

"ರೊಟ್ಟಿ... ಬದ್ನೆಕಾಯಿ ಪಲ್ಯ."

ಆ ಪರದೆಯಲ್ಲಿ ವಾರ ತುಂಬುವ ಜಾಗವೇ ಇಲ್ಲ. ಬದನೆಕಾಯಿಗಂತೂ ಎಲ್ಲಿಯ ಜಾಗ?

"ಮಾವ, ಕಂಪ್ಯೂಟರಿಗೆ ರೊಟ್ಟಿ ಯಾಕೆ?" ಎಂದೆ ಹದಿನೈದನೆಯ ದಿನ.

"ಸುಮ್ನೆ ಕುಂತ್ಕಳ್ಲೇ ಅಳಿಯ. ಗಾಡಿ ಬಿಡೋ ಮುಂಚೆ ಎಲ್ಲಾ ವಿಚಾರಿಸ್ಬೇಕು. ಒಂದನೇ ಲೈನು?"

"ಹೊಸಾ ಡಿಸ್ಕು," ಎಂದರು ಅತ್ತೆ.

"ಹೊಸಾ ಡಿಸ್ಕು! ಎರಡನೇ ಲೈನು?"

"ಹಳೇದು."

"ಹಳೇದು!" ಎಲ್ಲವನ್ನೂ ಸೇವ್ ಮಾಡಿ ಮಾವ ಎದ್ದು ನಿಂತು ಅತ್ತೆಯ ಹಸಿರು ರವಿಕೆ ಬಟ್ಟೆಯನ್ನು ಬೀಸುತ್ತಿದ್ದರು. ಆಮೇಲೇ ಗಾಡಿ ಹೊರಡುವುದು.

ಒಂದು ದಿನ ಬೀಡಾ ಅಂಗಡಿಯವರು ಪಹಣಿ ಪ್ರಿಂಟಿಗೆ ಓಡಿಬಂದರು.

"ಬರ್ರಿ, ಕುಂತ್ಕಳ್ರಿ. ಗಾಡಿ ಇನ್ನಾ ಸ್ಟೇಷನ್ ಹೊರಗೇ ನಿಂತೈತೆ," ಎಂದರು ಮಾವ.

"ನಾನು ಹೊಳಲ್ಕೆರೆಗೇ ಹೋಗ್ಬರ್ತೀನಿ ಬಿಡ್ರಿ!" ಎಂದು ಅವರು ಬೈಕ್ ಏರಿದರು. ಹೋದರು, ಪ್ರಿಂಟ್ ಹಾಕಿಸಿದರು, ಹಿಂದಿರುಗಿ ಬಂದು ಬಾವುಟ ಬೀಸುವುದನ್ನು ನಿಂತು ನೋಡಿದರು!

ನಗು ಬರುತ್ತಿದ್ದುದು ಬೇರೆಯವರಿಗೆ. ನನಗೆ ಎಂಟೂವರೆಗೆ ಆನ್‌ಲೈನಿನಲ್ಲಿ ಮಾದರಿ ಪರೀಕ್ಷೆ. ಅತ್ತೆ ಒಮ್ಮೆ ಎರಡು ವರ್ಷ ಹಿಂದಿನ ಇಸವಿ ಹೇಳಿದರು. ಮಾವ ತಿದ್ದಲಿಲ್ಲ, ಹಾಗೇ ತುಂಬಿದರು! ತಾರೀಖು ತಪ್ಪಾದ್ದರಿಂದ ಪರೀಕ್ಷೆಯ ಪುಟ ತೆರೆಯಲೇ ಇಲ್ಲ.

"ಏ, ಮಿಷನ್ನು ಒಪ್ತಿಲ್ಲ ನೋಡೇ," ಎಂದರು ಮಾವ ಬಲು ಮೆತ್ತಗೆ. "ಅದಕ್ಕೇನೋ ಅನುಮಾನ. ಇನ್ನೊಂದು ಸಲ ಕ್ಯಾಲೆಂಡರ್ ನೋಡು."

ನನ್ನ ಲೆಕ್ಕ ಹೀಗಿತ್ತು: ತಪ್ಪು ತಾರೀಖು ಐದು ಸಲ, ಕೈತಪ್ಪಿದ ಪರೀಕ್ಷೆ ಒಂಬತ್ತು, ಸಾರಿಗೆ ಎರಡೆರಡು ಸಲ ಬಿದ್ದ ಉಪ್ಪು ನಾಲ್ಕು ದಿನ. ಮೂರನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿದ್ದೆ. ಅಚ್ಚುಕಟ್ಟು ನನ್ನ ಹುಟ್ಟುಗುಣ.

ಇಪ್ಪತ್ತೊಂದನೆಯ ದಿನ ಹೊಳಲ್ಕೆರೆಯ ಗಡಿಯಾರದ ಅಂಗಡಿಯಿಂದ ಹೊಸ ಸೆಲ್ ತಂದೆ. ಮಾವ ಹಾಲು ತರಲು ಹೋದಾಗ ಕಂಪ್ಯೂಟರಿನ ಡಬ್ಬ ಬಿಚ್ಚಿ ಹಾಕಿದೆ. ತಾರೀಖು, ಡಿಸ್ಕು ಎಲ್ಲ ಸರಿಪಡಿಸಿದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ನಾಟಕವೇ!

ಮರುದಿನ ಎಂಟಕ್ಕೆ ಮಾವ ಸ್ವಿಚ್ ಹಾಕಿದರು. ಅತ್ತೆಯ ಬೆರಳು ಬೊಟ್ಟು ಮುಟ್ಟುವಷ್ಟರಲ್ಲಿ ಕಂಪ್ಯೂಟರ್ ಟಣ್ಣನೆ ಸದ್ದು ಮಾಡಿ ತೆರೆದುಕೊಂಡಿತು. ಯಾವ ಪ್ರಶ್ನೆಯೂ ಇಲ್ಲ.

ಅತ್ತೆಯ ಬೆರಳು ಬೊಟ್ಟಿನ ಮೇಲೇ ಇತ್ತು.

"ಇವತ್ತು ನನ್ನ ಕೆಲಸ ಇಲ್ಲೇನು?" ಎಂದರು. ಕ್ಯಾಲೆಂಡರನ್ನೊಮ್ಮೆ ನೋಡಿ ಒಳಗೆ ಹೋದರು.

ನನ್ನ ಪರೀಕ್ಷೆ ಸಮಯಕ್ಕೆ ಸರಿಯಾಗಿ ಮುಗಿಯಿತು. ಮಧ್ಯಾಹ್ನ ಅತ್ತೆ, "ಯಾವಾಗ ಬಂದ್ಯಪ್ಪ?" ಎಂದು ಕೇಳಿದರು. ಊಟಕ್ಕೆ ಬಡಿಸುವಾಗ ಮತ್ತೆ ಕೇಳಿದರು. ಕೈ ತೊಳೆಯುವಾಗ ಮತ್ತೆ. ಅದನ್ನು ನಾನು ಯಾವ ಪುಟದಲ್ಲೂ ಬರೆದುಕೊಳ್ಳಲಿಲ್ಲ.

ಸಂಜೆ ನೋಡಿದರೆ ಮಾವ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಹೊಸ ಸೆಲ್ ಕಿತ್ತು ಹಳೆಯದನ್ನು ಕೂರಿಸುತ್ತಿದ್ದರು.

"ಮಾವ, ಅದು ಸತ್ತೈತೆ."

"ಗೊತ್ತೈತ್ಲೇ. ಆರು ತಿಂಗಳಿಂದ ಗೊತ್ತೈತೆ." ಸ್ಕ್ರೂ ತಿರುಗಿಸುತ್ತಲೇ ಹೇಳಿದರು. "ನಿನಗೆ ಇವತ್ತು ಯಾವ ವಾರ ನೆನಪೈತೇನಮ್ಮ ಅಂತ ಡಾಕ್ಟ್ರು ಕೇಳಿದ್ರೆ, ಸೆರಗು ಬಾಯಿಗಿಟ್ಕಂಡು ಅಳ್ತಾಳೆ ನಿಮ್ಮತ್ತೆ. ಮಿಷನ್ನಿಗೆ ನೆನಪಿಲ್ಲ, ನೀನೇ ಹೇಳ್ಕೊಡು ಅಂದ್ರೆ... ಎಷ್ಟು ಗತ್ತಿನಾಗೆ ಹೇಳ್ತಾಳೆ, ನೋಡಿದ್ಯಲ್ಲ."

ಹೊಸ ಸೆಲ್ಲನ್ನು ನನ್ನ ಅಂಗೈಗೆ ಹಾಕಿದರು. "ಇದನ್ನ ನಿನ್ನ ಗಡಿಯಾರಕ್ಕೇನಾರ ಹಾಕ್ಕ, ಹೋಗು."

ಮರುದಿನ ನಾನು ಊರಿಗೆ ಹೊರಡಬೇಕಿತ್ತು. ಎಂಟಕ್ಕೆ ಮುಂಚೆ ದಿನಚರಿ ತೆರೆದು, ತಾರೀಖಿನ ಜಾಗ ಖಾಲಿ ಬಿಟ್ಟು, ಸ್ಟೂಲಿನ ಪಕ್ಕ ಕೂತೆ.

"ಅತ್ತೆ, ಇವತ್ತು ತಾರೀಖು ಎಷ್ಟು?"

"ಯಾಕಪ್ಪ, ನಿನಗೂ ಮರ್ತೋತಾ?"

"ಹ್ಞೂಂ ಅತ್ತೆ."

ಅತ್ತೆ ಗತ್ತಿನಿಂದ ಕತ್ತೆತ್ತಿ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. "ಬರ್ಕ. ಇಪ್ಪತ್ತಾರು."

ಅಂದು ಇಪ್ಪತ್ತೈದು. ಇಷ್ಟು ವರ್ಷಗಳ ನನ್ನ ದಿನಚರಿಯಲ್ಲಿ ತಪ್ಪು ತಾರೀಖಿರುವ ಪುಟ ಅದೊಂದೇ. ನಾನು ಬರೆದು ಮುಗಿಸುವುದನ್ನೇ ಕಾದಿದ್ದು ಮಾವ ಮನೆಯೆಲ್ಲ ಕೇಳುವಂತೆ ಕೂಗಿದರು:

"ಇಪ್ಪತ್ತಾರು! ವಾರ?"